ನರವಿಜ್ಞಾನದ ಸಂಶೋಧನೆ ಹಂಡೆಯ ಬಳಿಗೆ ಮರಳಿ ಬರುವ ದಾರಿ ಯಾವುದು?

ಕ್ಷೇತ್ರ ಸಂಯೋಜಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮಿದುಳಿನ ಕಾಯಿಲೆಗಳ ಅಧ್ಯಯನಗಳಿಗಾಗಿ ಹಳೇ ಮೈಸೂರು ಭಾಗದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜನರನ್ನು ಕಂಡು ಮಾತಾಡಿಸಿ, ಒಪ್ಪಿಸಿ, ತಪಾಸಣೆಗೆ ಕರೆತರುವ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯಗಳ ನರವಿಜ್ಞಾನಕ್ಕೂ ಜನರಿಗೂ ಉದ್ಯಮಕ್ಕೂ ಕೊಂಡಿ ಬೇಕು ಎಂಬ ಮಾತು ನಾನು ಹೋದ ಪ್ರತಿ ಕಾರ್ಯಾಗಾರದಲ್ಲೂ ಕೇಳಿಬರುತ್ತದೆ. ಆ ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ಒಂದೇ ಒಂದು ಕಾಯಿಲೆಯನ್ನು ಮುಂದಿಟ್ಟುಕೊಂಡು ನಿಮ್ಮೆಲ್ಲರ ಬಳಿ ಚರ್ಚಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಆ ಕಾಯಿಲೆ ಬಿಸಿನೀರಿನ ಅಪಸ್ಮಾರ. ಹಂಡೆಯಲ್ಲಿ ಕಾಯ್ದ ನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಗೆ ಸುರಿದುಕೊಳ್ಳುವಾಗ ಕಣ್ಣು ನೆಟ್ಟಂತಾಗಿ, ಮಾತು ತೊದಲಿ, ಕೆಲವರಿಗೆ ಮೈಯೆಲ್ಲ ಸೆಟೆದು ಫಿಟ್ಸ್ ಬರುತ್ತದೆ. ಜಗತ್ತಿನ ಬೇರೆಡೆ ಅಪರೂಪವೆನಿಸುವ ಈ ತೊಂದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಹಳೇ ಮೈಸೂರು ಸೀಮೆಯಲ್ಲಿ, ಅಷ್ಟೇನೂ ಅಪರೂಪವಲ್ಲ. 1988ರಲ್ಲೇ ನಿಮ್ಹಾನ್ಸ್ ವೈದ್ಯರು ಇಂತಹ 279 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ್ದರು. ಒಂದೇ ಮನೆತನದ ಹಲವರಲ್ಲಿ ಇದು ಕಾಣಿಸಿಕೊಳ್ಳುವುದನ್ನು ಗಮನಿಸಿ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ಜೊತೆಗೂಡಿ ಅಂತಹ ಕುಟುಂಬಗಳ ವಂಶವಾಹಿಗಳನ್ನು ಪರೀಕ್ಷಿಸಿದರು. ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಕೆಲವರಿಗೆ ಇರುವ ಅಪರೂಪದ ಬದಲಾವಣೆಗಳನ್ನು 2017ರಲ್ಲಿ ವರದಿ ಮಾಡಿದರು. ನರಕೋಶಗಳ ನಡುವೆ ಚೆಲ್ಲಿದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಮರಳಿ ಒಳಗೆ ಎಳೆದುಕೊಳ್ಳುವ ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿ ಅದು. ಇವೆಲ್ಲ ನಮ್ಮ ನೆಲದಲ್ಲೇ, ನಮ್ಮ ಜನರ ರಕ್ತದಿಂದಲೇ ಮೂಡಿದ ವಿಜ್ಞಾನವೆಂಬುದು ನನಗೆ ಹೆಮ್ಮೆಯ ಸಂಗತಿ.

ಈಗ ಇನ್ನೊಂದು ದೃಶ್ಯವನ್ನು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ, ಬೇರೆಯದೇ ವಿಷಯದ ಅಧ್ಯಯನವೊಂದಕ್ಕಾಗಿ ಒಂದು ಮನೆಗೆ ಹೋಗಿದ್ದೆ. ಹಿತ್ತಲಿನ ಬಚ್ಚಲುಮನೆಯಲ್ಲಿ ಒಲೆಗೆ ಹೊಂದಿಸಿದ ತಾಮ್ರದ ಹಂಡೆ, ಅದರ ಪಕ್ಕದ ಗೂಟಕ್ಕೆ ದಾರದಲ್ಲಿ ಕಟ್ಟಿ ನೇತುಹಾಕಿದ ಕಬ್ಬಿಣದ ಬೀಗದ ಕೈ. ಬಚ್ಚಲಿನಲ್ಲಿ ಬೀಗದ ಕೈ ಏಕೆ ಎಂದು ಕೇಳಿದಾಗ ಮನೆಯ ತಾಯಿ ತಮ್ಮ ಹತ್ತೊಂಬತ್ತು ವರ್ಷದ ಮಗನನ್ನು ತೋರಿಸಿದರು. ತಲೆಗೆ ನೀರು ಹಾಕಿಕೊಂಡಾಗಲೆಲ್ಲ ಅವನಿಗೆ 'ಬರುತ್ತದೆ', ಆಗ ಕೈಗೆ ಕೊಡಲು ಎಂದರು. ನೀರು ಉಗುರುಬೆಚ್ಚಗಿದ್ದರೆ ಸಾಕು, ಮೊದಲು ಮೈಗೆ ಹಾಕಿಕೊಂಡು ಆಮೇಲೆ ನಿಧಾನವಾಗಿ ತಲೆಗೆ ಹಾಕಿಕೊಂಡರೆ ಬಹುಮಟ್ಟಿಗೆ ತಡೆಯಬಹುದು, ಅದರಿಂದಲೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ ಎಂಬ ಮಾತನ್ನು ಆ ಮನೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಅಂದು ನಾನೇ ಹೇಳಿದೆ. ಆದರೆ ಅದೇ ಮನೆಯವರು ನಮ್ಮ ತಂಡಕ್ಕೆ ಎರಡು ಬಾರಿ ರಕ್ತ ಕೊಟ್ಟಿದ್ದರು. ಹೊರಡುವಾಗ ಆ ತಾಯಿ, 'ನಮ್ಮ ರಕ್ತ ಏನಾಯಿತಮ್ಮಾ?' ಎಂದು ಕೇಳಿದರು. ಕೋಪದಿಂದಲ್ಲ, ಊರಿಗೆ ಹೋದ ನೆಂಟರ ಯೋಗಕ್ಷೇಮ ವಿಚಾರಿಸುವ ಧಾಟಿಯಲ್ಲಿ. ನನ್ನ ಬಳಿ ಉತ್ತರವಿರಲಿಲ್ಲ.

ಕೊಂಡಿ ಎಂದರೆ ನನಗೆ ಈಗ ಈ ಮರುಪಯಣವೇ. ನಮ್ಮ ಅಧ್ಯಯನಗಳಲ್ಲಿ ಹೋಗುವ ದಾರಿಗೆ ಹಣವಿರುತ್ತದೆ: ಜೀಪಿಗೆ, ಶೀತಲ ಪೆಟ್ಟಿಗೆಗೆ, ಒಪ್ಪಿಗೆ ಪತ್ರದ ಮುದ್ರಣಕ್ಕೆ. ಬರುವ ದಾರಿಗೆ ಒಂದು ಸಾಲೂ ಇರುವುದಿಲ್ಲ.

ಬೇರೆ ರೀತಿ ಸಾಧ್ಯವೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಯಳಂದೂರು ತಾಲ್ಲೂಕಿನಲ್ಲಿ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ಮುಂದಾಳತ್ವದಲ್ಲಿ ನಡೆದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನರರೋಗ ತಜ್ಞರಿಲ್ಲದ ಹಳ್ಳಿಗಾಡಿನಲ್ಲಿ ಫಿನೋಬಾರ್ಬಿಟೋನ್, ಫಿನಿಟಾಯಿನ್ ಎಂಬ ಅಗ್ಗದ, ಹಳೆಯ ಮಾತ್ರೆಗಳಿಂದ ಅಪಸ್ಮಾರವನ್ನು ಹತೋಟಿಯಲ್ಲಿ ಇಡಬಹುದೇ ಎಂಬುದು ಅವರ ಪ್ರಶ್ನೆ. ಅದು ಪ್ರಯೋಗಾಲಯದಲ್ಲಿ ಹುಟ್ಟಿದ ಪ್ರಶ್ನೆಯಲ್ಲ, ರೋಗಿಯ ಮನೆಯ ಜಗಲಿಯಲ್ಲಿ ಹುಟ್ಟಿದ ಪ್ರಶ್ನೆ. ಹಾಗಾಗಿ ಸಿಕ್ಕ ಉತ್ತರವೂ ಅದೇ ಜಗಲಿಗೆ ನೇರವಾಗಿ ಬೇಕಾದ ಉತ್ತರವಾಗಿತ್ತು.

ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಿಂದ ನಡೆಸುತ್ತಿರುವ ಅಧ್ಯಯನ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಹೊಂದಿದೆ. ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ, ಮರೆಗುಳಿತನ ಯಾರಿಗೆ ಏಕೆ ಬರುತ್ತದೆ ಎಂಬುದು ಅದರ ವಿಷಯ. ಒಮ್ಮೆ ಬಂದು ಹೋಗುವ ಸಮೀಕ್ಷೆಗಿಂತ ಇದು ಬೇರೆ, ಏಕೆಂದರೆ ಇಲ್ಲಿ ಸಂಬಂಧ ವರ್ಷಗಳದ್ದು. ಇಂತಹ ಅಧ್ಯಯನಗಳು ನಮ್ಮಲ್ಲಿ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ನಾನು ಕೇಳುವುದು ಇಷ್ಟೇ: ಜನರ ಪ್ರಶ್ನೆ ಸಂಶೋಧಕರಿಗೆ ತಲುಪುವ, ಸಂಶೋಧಕರ ಉತ್ತರ ಹಂಡೆಯ ಬಳಿಗೂ ಉಪಕರಣ ತಯಾರಕರ ಬಳಿಗೂ ಮರಳುವ ದಾರಿಯನ್ನು ಯಾರು, ಯಾವ ಹಣದಲ್ಲಿ, ಹೇಗೆ ಕಟ್ಟಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಿರಿಯ ಆರೋಗ್ಯ ಸಹಾಯಕ, ಚಾಮರಾಜನಗರ ಜಿಲ್ಲೆ

ಮೇಡಂ, ನೀವು ಹೇಳಿದ ಬೀಗದ ಕೈಯನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೆಂದು ಲೆಕ್ಕವಿಲ್ಲ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನನ್ನ ಉತ್ತರ ನೇರವಾದದ್ದು. ದಾರಿಯನ್ನು ಹೊಸದಾಗಿ ಕಟ್ಟಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರವೇ ಆ ದಾರಿ. ಸಂಶೋಧನಾ ತಂಡಗಳು ಅದನ್ನು ಬಳಸುವುದು ಹೆಸರುಗಳ ಪಟ್ಟಿ ಬೇಕಾದಾಗ ಮಾತ್ರ.

ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ನಿಮ್ಹಾನ್ಸ್‌ನ ಹಳೆಯ ಸಮೀಕ್ಷೆಯಲ್ಲಿ ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8 ಎಂದು ಕಂಡುಬಂದಿತ್ತು, ನಗರದಲ್ಲಿ 5.7 ಇದ್ದರೆ ಹಳ್ಳಿಗಳಲ್ಲಿ 11.9, ಅಂದರೆ ಎರಡು ಪಟ್ಟು. ನಮಗೆ ತರಬೇತಿಯಲ್ಲಿ ಹೇಳಿದ ಈ ಅಂಕಿಯನ್ನು ನಾನು ಮರೆತಿಲ್ಲ, ಏಕೆಂದರೆ ನನ್ನ ಉಪಕೇಂದ್ರದ ಐದು ಸಾವಿರ ಜನರಿಗೆ ಹಿಡಿದು ನೋಡಿದರೆ ಸುಮಾರು ಅರವತ್ತು ಮಂದಿ ಎಂದಾಗುತ್ತದೆ. ನನಗೆ ಆಗ ಗೊತ್ತಿದ್ದವರು ಹದಿನಾಲ್ಕು ಮಂದಿ. ಉಳಿದವರು ಎಲ್ಲಿದ್ದಾರೆಂದು ಹುಡುಕಲು ಹೊರಟಾಗ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಕಾಯಿಲೆಯನ್ನು ಮನೆಯವರು ಎಷ್ಟು ಗಟ್ಟಿಯಾಗಿ ಮುಚ್ಚಿಡುತ್ತಾರೆ ಎಂಬುದು ಗೊತ್ತಾಯಿತು. ಒಂದು ಅಂಕಿ ಇಂತಹ ಹುಡುಕಾಟಕ್ಕೆ ನೂಕಿದರೆ ಆ ಸಂಶೋಧನೆ ತಲುಪಬೇಕಾದ ಕಡೆ ತಲುಪಿತು ಎಂದೇ ನಾನು ಭಾವಿಸುತ್ತೇನೆ.

ಎರಡು ಮಾತುಗಳನ್ನು ಸೇರಿಸಬೇಕು. ಒಂದು, ಮಾತ್ರೆ ಒಂದು ತಿಂಗಳು ಬಾರದಿದ್ದರೆ ವರ್ಷದ ನಂಬಿಕೆ ಹೋಗುತ್ತದೆ. ಅಪಸ್ಮಾರದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನಷ್ಟು ಜೋರಾಗಿ ಮರಳುತ್ತದೆ, ಆಗ ಬೈಸಿಕೊಳ್ಳುವವರು ಸಂಶೋಧಕರಲ್ಲ, ನಾವು. ಆದ್ದರಿಂದ ಅಧ್ಯಯನ ಮುಗಿದ ಮೇಲೂ ಮಾತ್ರೆಯ ಸರಬರಾಜು ಹೇಗೆ ಎಂಬುದು ಯೋಜನೆಯ ಮೊದಲ ಪುಟದಲ್ಲೇ ಇರಬೇಕು. ಇನ್ನೊಂದು, ಆಶಾ ಕಾರ್ಯಕರ್ತೆಯರ ಹೊತ್ತು. ಬೆಂಗಳೂರಿನ ತಂಡ ಬಂದ ದಿನ ಅವರು ತಮ್ಮ ಕೂಲಿ ಬಿಟ್ಟು ಮನೆ ತೋರಿಸುತ್ತಾರೆ, ಜನರನ್ನು ಒಪ್ಪಿಸುತ್ತಾರೆ. ಪ್ರಬಂಧದ ಕೊನೆಯಲ್ಲಿ ಅವರಿಗೆ ಒಂದು ಧನ್ಯವಾದ ಸಿಗುತ್ತದೆ. ಅವರ ದಿನಗಳಿಗೆ ಸಂಶೋಧನಾ ಸಹಾಯಕರಿಗೆ ಕೊಡುವಂತೆಯೇ ಹಣ ಕೊಡಬೇಕು. ಅವರ ಕೈಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟು, ಮನೆಗಳಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲು ಹೇಳಿ ನೋಡಿ. ಸಂಶೋಧನೆಗೆ ವಿಷಯ ಸಾಲದು ಎಂಬ ಕೊರಗು ಯಾರಿಗೂ ಉಳಿಯುವುದಿಲ್ಲ.

ವೈದ್ಯಕೀಯ ಉಪಕರಣಗಳ ಎಂಜಿನಿಯರ್

ಉದ್ಯಮದ ಕಡೆಯಿಂದ ಬರೆಯುತ್ತಿದ್ದೇನೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಯೊಂದು ಹಳ್ಳಿಗಳಲ್ಲಿ ಬಳಸಬಹುದಾದ ಹಗುರವಾದ ಇಇಜಿ ಪಟ್ಟಿಯನ್ನು ತಯಾರಿಸುತ್ತಿತ್ತು. ತಲೆಗೆ ಕಟ್ಟಿದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಫೋನಿಗೆ ಕಳುಹಿಸುವ ಉಪಕರಣ ಅದು. ಅಂಟು ಬೇಡದ ಒಣ ವಿದ್ಯುದ್ವಾರಗಳು ಅದರ ಹೆಚ್ಚುಗಾರಿಕೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ತಲೆಯ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತು. ಮೊದಲ ಶಿಬಿರದ ದಿನ, ಬೆಳಗ್ಗೆ ಸಾಲಿನಲ್ಲಿ ನಿಂತ ಹೆಂಗಸರ ತಲೆಗಳನ್ನು ನೋಡಿದಾಗಲೇ ನಮಗೆ ಅರಿವಾದದ್ದು. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮೇಲೆ ಕನಕಾಂಬರ. ಎಣ್ಣೆಯ ಪದರದ ಮೇಲೆ ಒಣ ವಿದ್ಯುದ್ವಾರ ಜಾರುತ್ತದೆ, ಅಲೆಗಳ ಬದಲು ಗದ್ದಲ ದಾಖಲಾಗುತ್ತದೆ. ಆ ದಿನದ ಮೂವತ್ತೆರಡು ದಾಖಲೆಗಳಲ್ಲಿ ಓದಲು ಬಂದವು ಐದು.

ಆಗ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. 'ಹಿಂದಿನ ದಿನ ಶಾಂಪೂ ಹಾಕಿ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ' ಎಂಬ ಸೂಚನಾ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಿದೆವು. ಈ ಚರ್ಚೆಯ ಮೊದಲ ಬರಹವನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬಿಸಿನೀರಿನ ಅಪಸ್ಮಾರ ಇರುವ ಹುಡುಗನೊಬ್ಬನಿಗೆ, ತಜ್ಞರ ಹೆಸರಿನಲ್ಲಿ, ತಪಾಸಣೆಗೆ ಬರುವ ಮುನ್ನ ತಲೆಗೆ ನೀರು ಹಾಕಿಕೊಳ್ಳಲು ನಾವೇ ಬರೆದು ಕೊಟ್ಟಿದ್ದೇವೆ. ನೀರು ಹೇಗಿರಬೇಕು, ಹೇಗೆ ಹಾಕಿಕೊಳ್ಳಬೇಕು ಎಂಬ ಒಂದು ಸಾಲನ್ನು ಸೇರಿಸಲು ನಮಗೆ ತೋಚಲಿಲ್ಲ, ಏಕೆಂದರೆ ನಮ್ಮಲ್ಲಿ ಯಾರಿಗೂ ಆ ಕಾಯಿಲೆಯ ಹೆಸರೇ ತಿಳಿದಿರಲಿಲ್ಲ. ನಮ್ಮ ಕಚೇರಿಯಿಂದ ನಿಮ್ಹಾನ್ಸ್‌ಗೆ ಆಟೋದಲ್ಲಿ ಹೋಗಬಹುದಿತ್ತು.

ಉದ್ಯಮವನ್ನು ಲಾಭಕೋರರೆಂದು ಮಾತ್ರ ನೋಡುವವರಿಗೆ ನಮ್ಮ ಗಡಿಯಾರ ಹೇಗೆ ಓಡುತ್ತದೆ ಎಂದು ಹೇಳುವುದು ಅಗತ್ಯ. ಹೊಸ ಆಲೋಚನೆಯೊಂದಕ್ಕೆ ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆ ಕೊಡುವ ಆರಂಭಿಕ ಅನುದಾನ ಹೆಚ್ಚೆಂದರೆ 50 ಲಕ್ಷ ರೂಪಾಯಿ, ಅವಧಿ 18 ತಿಂಗಳು. 2017ರ ವೈದ್ಯಕೀಯ ಉಪಕರಣಗಳ ನಿಯಮಗಳು, 2020ರ ಏಪ್ರಿಲ್‌ನಿಂದ ಎಲ್ಲ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದದ್ದು, ಇವೆಲ್ಲ ರೋಗಿಯ ಸುರಕ್ಷತೆಗೆ ಬೇಕಾದ್ದೇ. ಆದರೆ ನೈತಿಕ ಸಮಿತಿಯ ಅನುಮತಿ, ಆಸ್ಪತ್ರೆಯೊಂದಿಗೆ ಒಪ್ಪಂದ, ಕ್ಷೇತ್ರದ ಪರೀಕ್ಷೆ ಎಲ್ಲವೂ ಆ ಹದಿನೆಂಟು ತಿಂಗಳಲ್ಲೇ ಆಗಬೇಕೆಂದಾಗ ಕ್ಷೇತ್ರದ ಪರೀಕ್ಷೆಯೇ ಕೊನೆಗೆ ಉಳಿದು ಸೊರಗುತ್ತದೆ. ವಿಶ್ವವಿದ್ಯಾಲಯಗಳು ನಮಗೆ ಪೇಟೆಂಟ್ ತೋರಿಸುತ್ತವೆ. ನಮಗೆ ಬೇಕಿರುವುದು ಅದಕ್ಕಿಂತ ಹೆಚ್ಚಾಗಿ ಸಂಯೋಜಕಿಯವರಂತಹ ಒಬ್ಬರೊಂದಿಗೆ, ಉಪಕರಣದ ಮೊದಲ ರೇಖಾಚಿತ್ರ ಎಳೆಯುವ ಮುಂಚೆ, ಒಂದು ವಾರದ ಓಡಾಟ. ಎಣ್ಣೆ ಹಚ್ಚಿದ ಜಡೆಯನ್ನು ಆ ವಾರದ ಮೊದಲ ದಿನವೇ ಕಾಣುತ್ತಿದ್ದೆವು.

ಹಣ್ಣಿನ ನೊಣಗಳ ಪ್ರಯೋಗಾಲಯದ ಸಂಶೋಧಕ

ಇದುವರೆಗಿನ ಬರಹಗಳನ್ನು ಗೌರವದಿಂದ ಓದಿದ್ದೇನೆ, ಆದರೂ ಒಂದು ಆತಂಕವನ್ನು ಹೇಳಲೇಬೇಕು. ಬಳಕೆದಾರರ ಪ್ರಶ್ನೆಯಿಂದ ಹೊರಟ ಸಂಶೋಧನೆ ಮಾತ್ರ ಸಾರ್ಥಕ ಎಂಬ ಧ್ವನಿ ಮೊದಲ ಬರಹದಲ್ಲಿದೆ. ಅದೇ ಅಳತೆಗೋಲಾದರೆ ನಮ್ಮಂತಹವರ ಕೆಲಸಕ್ಕೆ ಹಣ ಕೇಳುವುದು ಹೇಗೆ?

ಒಬೈದ್ ಸಿದ್ದಿಕಿ ಅವರನ್ನು ನೆನೆಯೋಣ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದ ಅವರು, ಅದಕ್ಕೂ ಮುಂಚೆ ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ, ಬಿಸಿ ಏರಿದೊಡನೆ ನಿಶ್ಚೇಷ್ಟಿತವಾಗಿ ಬಿದ್ದುಬಿಡುವ, ತಂಪಾದೊಡನೆ ಎದ್ದು ಹಾರುವ ಹಣ್ಣಿನ ನೊಣಗಳನ್ನು ಅಭ್ಯಾಸ ಮಾಡಿ 1976ರಲ್ಲಿ ಪ್ರಕಟಿಸಿದರು. ಯಾವ ರೋಗಿಯೂ ಆ ಪ್ರಶ್ನೆ ಕೇಳಿರಲಿಲ್ಲ. ಇಂತಹ ನೊಣಗಳ ಅಧ್ಯಯನದಿಂದಲೇ ನರಗಳಲ್ಲಿ ಸಂಕೇತ ಹರಿಯಲು ಬೇಕಾದ ಸೋಡಿಯಂ ಕಾಲುವೆಗಳಂತಹ ಪ್ರೋಟೀನುಗಳ ವಂಶವಾಹಿಗಳ ಬಗ್ಗೆ ಎಷ್ಟೋ ತಿಳಿಯಿತು. ಯಳಂದೂರಿನಲ್ಲಿ ಕೊಟ್ಟ ಫಿನಿಟಾಯಿನ್ ಕೆಲಸ ಮಾಡುವುದು ಅದೇ ಸೋಡಿಯಂ ಕಾಲುವೆಗಳ ಮೇಲೆ. ಆ ಮಾತ್ರೆ 1938ರಿಂದ ಬಳಕೆಯಲ್ಲಿತ್ತು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ. ಹಾಗಾಗಿ ನೊಣದಿಂದಲೇ ಮಾತ್ರೆ ಬಂತೆಂದು ನಾನು ವಾದಿಸುವುದಿಲ್ಲ. ಆದರೆ ಇದಕ್ಕಿಂತ ಉತ್ತಮ ಮಾತ್ರೆ ಬೇಕಾದರೆ ಆ ತಿಳಿವಳಿಕೆಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಹಂಡೆಯ ಬಳಿ ಹುಟ್ಟದ ಪ್ರಶ್ನೆಗಳಿಗೂ ಜಾಗವಿರಲಿ.

ಕ್ಷೇತ್ರ ಸಂಯೋಜಕಿ, ಬೆಂಗಳೂರು

ಸರ್, ನೀವು ಹೇಳಿದ್ದನ್ನು ಒಪ್ಪುತ್ತೇನೆ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ನೊಣದ ಪ್ರಶ್ನೆ ನೊಣದ ಬಳಿಯೇ ಹುಟ್ಟಲಿ. ನನ್ನ ಒತ್ತಾಯ ಜನರ ಮೈಯಿಂದ, ಮನೆಯಿಂದ, ಮಾತಿನಿಂದ ಏನನ್ನಾದರೂ ಪಡೆಯುವ ಸಂಶೋಧನೆಗೆ ಮಾತ್ರ ಸಂಬಂಧಿಸಿದ್ದು. ಆದರೂ ಬಿಸಿಗೆ ಬಿದ್ದು ತಂಪಿಗೆ ಏಳುವ ನೊಣದ ಕಥೆಯನ್ನು ಆ ಬಚ್ಚಲುಮನೆಯ ಹುಡುಗನಿಗೆ ಹೇಳಿದರೆ ಅವನ ಮುಖ ಹೇಗೆ ಅರಳುತ್ತಿತ್ತು ಎಂದು ಯೋಚಿಸುತ್ತಿದ್ದೇನೆ. ತನ್ನ ಮೇಲೆ ಬರುವುದು ದೆವ್ವವಲ್ಲ, ಶಾಪವಲ್ಲ, ನರಗಳೆಂಬುವು ಬಿಸಿಗೆ ಹೀಗೂ ಮಿಡಿಯಬಲ್ಲವು ಎಂಬ ತಿಳಿವೂ ಒಂದು ಔಷಧವೇ. ಅದನ್ನು ಅವನಿಗೆ ಹೇಳಬಲ್ಲವರು ನೀವು. ಒಂದು ದಿನ ನನ್ನೊಂದಿಗೆ ಬನ್ನಿ.

ಮಗಳು, ತಾಯಿಯ ಆರೈಕೆಯಲ್ಲಿರುವವಳು

ನಾನು ವಿಜ್ಞಾನ ಓದಿದವಳಲ್ಲ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಬಂಟ್ವಾಳದ ಕಡೆಯವರು, ಮನೆಮಾತು ತುಳು. ಮೂರು ವರ್ಷಗಳ ಹಿಂದೆ ಮರೆವು ಹೆಚ್ಚಾಯಿತೆಂದು ಅವರನ್ನು ಊರಿನಿಂದ ಕರೆತಂದು ನಗರದ ಆಸ್ಪತ್ರೆಯೊಂದರಲ್ಲಿ ತೋರಿಸಿದೆ. ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಿದರು. ಈಗ ಯಾವ ತಿಂಗಳು ಎಂದು ಕೇಳಿದಾಗ ಅಮ್ಮ ತಡವರಿಸದೆ 'ಆಟಿ' ಎಂದರು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಸೊನ್ನೆ ಹಾಕಿದಳು. ಅದು ಜುಲೈ ತಿಂಗಳ ಕೊನೆಯ ವಾರ, ಹೊರಗೆ ಮಳೆ, ತುಳುನಾಡಿನ ಲೆಕ್ಕದಲ್ಲಿ ಅಂದು ಆಟಿಯೇ. ಅಮ್ಮನ ಉತ್ತರ ಸರಿಯಾಗಿತ್ತು, ಪ್ರಶ್ನೆಗೆ ಅದು ತಿಳಿದಿರಲಿಲ್ಲ. ನಾನು ವಿವರಿಸಿದಾಗ ಆ ಹುಡುಗಿ ನಯವಾಗಿಯೇ, ತನ್ನ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದಳು.

ಆಮೇಲೆ ಹುಡುಕಿ ಓದಿದಾಗ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ನಮ್ಮ ಕೆಲವು ಭಾಷೆಗಳಿಗೆ ಹೊಂದಿಸಿದ ಪರೀಕ್ಷೆಗಳ ಒಂದು ಗುಚ್ಛವನ್ನೇ ಸಿದ್ಧಪಡಿಸಿದೆ ಎಂದು ತಿಳಿಯಿತು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು ಹೈದರಾಬಾದಿನಲ್ಲಿ 648 ಮಂದಿ ಮರೆಗುಳಿತನದ ರೋಗಿಗಳನ್ನು ಅಭ್ಯಾಸ ಮಾಡಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು 2013ರಲ್ಲಿ ಪ್ರಕಟಿಸಿದ್ದನ್ನೂ ಓದಿದೆ. ಓದು ಬರೆಹ ಬಾರದವರಲ್ಲೂ ಆ ವ್ಯತ್ಯಾಸ ಕಂಡಿತ್ತಂತೆ. ತುಳು, ಕನ್ನಡ, ಒಂದಿಷ್ಟು ಕೊಂಕಣಿ ಆಡುತ್ತ ಬೆಳೆದ ನನ್ನ ಅಮ್ಮನಂತಹವರಿಂದಲೇ ಹೊರಟ ಜ್ಞಾನವಲ್ಲವೇ ಅದು. ಹೀಗಿರುವಾಗ ಪರೀಕ್ಷೆಯ ಹಾಳೆ ಸಿದ್ಧವಾಗುವ ಮುಂಚೆ ನಮ್ಮಂತಹ ಮನೆಯವರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು, ನಿಮ್ಮ ತಾಯಿ ದಿನವನ್ನು ಹೇಗೆ ಎಣಿಸುತ್ತಾರೆ ಎಂದು ಕೇಳುವುದು ಕಷ್ಟವೇ? ನಾನು ಕೇಳುವುದು ದೊಡ್ಡದೇನಲ್ಲ. ಆಟಿಗೆ ಒಂದು ಅಂಕ ಸಿಗಲಿ.

ಬ್ರಿಟನ್ನಿನಲ್ಲಿರುವ ಕನ್ನಡಿಗ, ಆರೋಗ್ಯ ಸಂಶೋಧನಾ ಆಡಳಿತ

ಮೇಲಿನ ಸಹೋದರಿಯ ಮಾತಿಗೆ ಇಲ್ಲಿಯ ಒಂದು ರೂಢಿಯನ್ನು ಜೋಡಿಸುತ್ತೇನೆ. ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ 2004ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಒಂದು ಕಾಯಿಲೆಯನ್ನು ತೆಗೆದುಕೊಂಡು ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಮೂವರಿಂದಲೂ ಪ್ರಶ್ನೆಗಳನ್ನು ಸಂಗ್ರಹಿಸುತ್ತಾರೆ, ಈಗಾಗಲೇ ಉತ್ತರ ಸಿಕ್ಕಿರುವುದನ್ನು ಬೇರೆ ಮಾಡುತ್ತಾರೆ, ಉಳಿದವನ್ನು ಒಂದೇ ಮೇಜಿನ ಸುತ್ತ ಕುಳಿತು ಹತ್ತಕ್ಕೆ ಇಳಿಸುತ್ತಾರೆ. 2013ರಲ್ಲಿ ಮರೆಗುಳಿತನದ ಬಗ್ಗೆ ಹೀಗೆ ಮಾಡಿದಾಗ ಮೇಲೆ ಬಂದವುಗಳಲ್ಲಿ ಹೆಚ್ಚಿನವು ಹೊಸ ಔಷಧದ ಪ್ರಶ್ನೆಗಳಲ್ಲ, ಆರೈಕೆಯ ಪ್ರಶ್ನೆಗಳು. 2015ರಲ್ಲಿ ಆರಂಭವಾದ ಇನ್ನೊಂದು ವ್ಯವಸ್ಥೆಯಲ್ಲಿ, ಅಧ್ಯಯನಗಳಿಗೆ ಬರಲು ಮನಸ್ಸಿರುವವರು ತಾವೇ ಹೆಸರು ನೋಂದಾಯಿಸಿಕೊಳ್ಳುತ್ತಾರೆ, ಸಂಶೋಧಕರು ಅಲ್ಲಿಂದ ಅವರನ್ನು ಸಂಪರ್ಕಿಸುತ್ತಾರೆ.

ಇದನ್ನು ಹಾಗೆಯೇ ಎತ್ತಿ ನೆಡಬಹುದೆಂದು ಹೇಳುತ್ತಿಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ಸರ್ಕಾರಿ ವೈದ್ಯರಿದ್ದಾರೆ, ದಾಖಲೆ ಒಂದೆಡೆ ಇರುತ್ತದೆ. ಆದರೆ ಆರೋಗ್ಯ ಸಹಾಯಕರು ಹೇಳಿದ ನೋಟ್‌ಬುಕ್ಕು ಇದೇ ಕೆಲಸವನ್ನು ಇನ್ನೂ ಅಗ್ಗವಾಗಿ, ಇನ್ನೂ ಹತ್ತಿರದಿಂದ ಮಾಡಬಲ್ಲದು ಎಂದು ನನಗೆ ತೋರುತ್ತದೆ. ಇಲ್ಲಿ ಪ್ರಶ್ನೆ ಬರೆದು ಕಳುಹಿಸುವವರು ಹೆಚ್ಚಾಗಿ ಓದಿದವರು. ಬರೆಯಲು ಬಾರದವರ ಪ್ರಶ್ನೆಗಳು ಅಲ್ಲಿಯ ನೋಟ್‌ಬುಕ್ಕಿನಲ್ಲಿ ಸಿಗುತ್ತವೆ.

ಮೈಸೂರಿನ ವಾಕ್ ಚಿಕಿತ್ಸಕಿ

ಯಳಂದೂರಿನ ಮಾತು ಬಂದದ್ದರಿಂದ ಸಣ್ಣದೊಂದು ಸೇರ್ಪಡೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೊರಕೇಂದ್ರಗಳಲ್ಲಿ ಒಂದು ಅದೇ ತಾಲ್ಲೂಕಿನ ಗುಂಬಳ್ಳಿಯಲ್ಲಿದೆ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಸಾಗರದಲ್ಲೂ ಇವೆ. ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರ ಬಗ್ಗೆ ನಮ್ಮ ಕ್ಷೇತ್ರದ ಸಂಶೋಧನೆ ಜನರಿಗೆ ತಲುಪುವುದು ಪ್ರಬಂಧದ ಮೂಲಕವಲ್ಲ; ವಾರಕ್ಕೊಮ್ಮೆ ಎದುರು ಕುಳಿತು, ಲೋಟದ ಚಿತ್ರ ತೋರಿಸಿ 'ಲೋ' ಎಂಬ ಮೊದಲ ಅಕ್ಷರವನ್ನು ಎತ್ತಿಕೊಡುವ ಚಿಕಿತ್ಸಕರ ಮೂಲಕ. ಕಟ್ಟಡ, ಸಿಬ್ಬಂದಿ, ಜನರ ಗುರುತು ಈಗಾಗಲೇ ಇರುವಲ್ಲಿಗೆ ಮಿದುಳಿನ ಬೇರೆ ಅಧ್ಯಯನಗಳೂ ಬಂದು ಸೇರಿಕೊಳ್ಳಲಿ ಎಂಬುದು ನನ್ನ ಆಸೆ.

ಕಾನೂನು ಕ್ಷೇತ್ರದ ಓದುಗ

ಉದ್ಯಮದ ಪಾತ್ರದ ಬಗ್ಗೆ ಒಂದು ಎಚ್ಚರಿಕೆ. ಎಂಜಿನಿಯರ್ ಅವರ ಪ್ರಾಮಾಣಿಕತೆ ನನ್ನನ್ನು ತಟ್ಟಿತು, ಆದರೆ ವ್ಯವಸ್ಥೆಯನ್ನು ಒಳ್ಳೆಯವರನ್ನು ನಂಬಿ ಕಟ್ಟಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆನ್ನುತ್ತವೆ, ಸಮುದಾಯವನ್ನು ತೊಡಗಿಸಿಕೊಳ್ಳುವ ಬಗ್ಗೆ, ಲಾಭ ಬಂದರೆ ಅದನ್ನು ಹಂಚಿಕೊಳ್ಳುವ ಬಗ್ಗೆಯೂ ಹೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ನಿಗದಿತ ಮಾನದಂಡಗಳಿಗೆ ಒಳಪಟ್ಟ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಸಂಶೋಧನೆ ಎಲ್ಲಿ ಮುಗಿದು ಉತ್ಪನ್ನ ಎಲ್ಲಿ ಆರಂಭವಾಗುತ್ತದೆ ಎಂಬುದೇ ಇಲ್ಲಿ ತೊಡಕು.

ನನ್ನ ಸಲಹೆ ಸರಳ. ಒಪ್ಪಿಗೆ ಪತ್ರದಲ್ಲಿ ಉದ್ಯಮದ ಬಳಕೆಗೆ ಬೇರೆಯೇ ಸಹಿಯ ಜಾಗವಿರಲಿ. 'ನಿಮ್ಮ ರಕ್ತದಿಂದ, ನಿಮ್ಮ ಮಿದುಳಿನ ಚಿತ್ರದಿಂದ ತಿಳಿದದ್ದನ್ನು ಒಂದು ಕಂಪನಿ ಬಳಸಿ ವಸ್ತು ತಯಾರಿಸಿ ಮಾರಬಹುದು, ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ' ಎಂದು ಬಿಡಿಸಿ ಕೇಳಲಿ. ಬೇಡವೆಂದವರನ್ನು ಅಧ್ಯಯನದಿಂದ ಕೈಬಿಡಬಾರದು. ಹೌದೆಂದವರ ಊರಿನ ಆರೋಗ್ಯ ಕೇಂದ್ರಕ್ಕೆ ಆ ವಸ್ತು ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆದಿಡಬೇಕು. ಬೆಲೆಯ ಮಾತು ಆಮೇಲೆ ಆಡೋಣ ಎಂದವರು ಅದನ್ನು ಆಡುವುದೇ ಇಲ್ಲ.

ಕ್ಷೇತ್ರ ಸಂಯೋಜಕಿ, ಬೆಂಗಳೂರು

ಒಂದು ತಿಂಗಳ ನಂತರ ಮರಳಿ ಬರೆಯುತ್ತಿದ್ದೇನೆ. ನಮ್ಮ ಮುಂದಿನ ಅಧ್ಯಯನದ ಅರ್ಜಿಯಲ್ಲಿ ಮರಳಿ ಹೋಗುವ ಖರ್ಚು ಎಂಬ ಪ್ರತ್ಯೇಕ ಸಾಲನ್ನು ಸೇರಿಸಲು ತಂಡದ ಮುಖ್ಯಸ್ಥರು ಒಪ್ಪಿದ್ದಾರೆ: ಪ್ರತಿ ಮನೆಗೆ ಎರಡನೆಯ ಭೇಟಿ, ಆಶಾ ಕಾರ್ಯಕರ್ತೆಯರ ದಿನಗಳ ಸಂಬಳ, ಕನ್ನಡದಲ್ಲಿ ಫಲಿತಾಂಶದ ಒಂದು ಪುಟ, ಪ್ರಶ್ನೆಗಳ ನೋಟ್‌ಬುಕ್ಕು. ಕಂಪನಿಗಳ ಬಳಕೆಗೆ ಪ್ರತ್ಯೇಕ ಸಹಿಯ ಮಾತನ್ನು ನೈತಿಕ ಸಮಿತಿಯ ಮುಂದೆ ಇಟ್ಟಿದ್ದೇವೆ.

ಕಳೆದ ವಾರ ಆ ಮನೆಗೆ ಹೋಗಿದ್ದೆ. ಅವರ ರಕ್ತದಿಂದ ಏನೇನು ಪರೀಕ್ಷಿಸಿದೆವು, ಏನು ತಿಳಿಯಿತು, ಏನು ಇನ್ನೂ ತಿಳಿದಿಲ್ಲ ಎಂಬುದನ್ನು ತಡವಾಗಿಯಾದರೂ ಆ ತಾಯಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸಕ್ಕರೆ ಅಂಶ ಎಷ್ಟಿತ್ತು ಎಂಬುದನ್ನು ಮಾತ್ರ ಮತ್ತೊಮ್ಮೆ ಹೇಳಿಸಿಕೊಂಡರು. ಎರಡು ವರ್ಷಗಳ ಹಿಂದೆ ನನ್ನ ಮಾತು ಕೇಳಿ ಮಗನನ್ನು ಅವರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ನೀರು ಉಗುರುಬೆಚ್ಚಗೆ, ಮೊದಲು ಮೈಗೆ ನಂತರ ತಲೆಗೆ ಎಂಬ ಕ್ರಮದಲ್ಲಿ ಈಗ ಏಳೆಂಟು ತಿಂಗಳಿಂದ ಒಮ್ಮೆಯೂ ಬಂದಿಲ್ಲವಂತೆ. ಬೀಗದ ಕೈ ಮಾತ್ರ ಗೂಟದಲ್ಲಿ ಹಾಗೆಯೇ ಇದೆ. ನೊಣಗಳ ಸಂಶೋಧಕರು ನನ್ನೊಂದಿಗೆ ಬಂದಿದ್ದರು. ಹುಡುಗ ಅವರನ್ನು ಬಿಡದೆ ಪ್ರಶ್ನೆ ಕೇಳಿದ, ಕೊನೆಗೆ ಆ ನೊಣಗಳನ್ನು ನೋಡಬಹುದೇ ಎಂದ.

ಬಿಸಿನೀರಿನ ಅಪಸ್ಮಾರದ ಬಗ್ಗೆ ಒಂದು ಪುಟದ ಕರಡನ್ನು ಸಿದ್ಧಪಡಿಸಿ ನರರೋಗ ತಜ್ಞರೊಬ್ಬರಿಂದ ತಿದ್ದಿಸಿದ್ದೇನೆ. ಎಂಜಿನಿಯರ್ ಅವರು ತಮ್ಮ ಈಗಿನ ಸಂಸ್ಥೆಯ ಇಇಜಿ ಸೂಚನಾ ಚೀಟಿಯಲ್ಲೂ ಅದರ ಸಾಲುಗಳನ್ನು ಸೇರಿಸುವುದಾಗಿ ತಿಳಿಸಿದ್ದಾರೆ. ಹಳ್ಳಿಗಳಲ್ಲಿ ಹಂಚುವ ಮುಂಚೆ ಆರೋಗ್ಯ ಸಹಾಯಕರು ಒಮ್ಮೆ ಓದಿ ನೋಡಬೇಕೆಂದು ಕೋರುತ್ತೇನೆ.

ಹಿರಿಯ ಆರೋಗ್ಯ ಸಹಾಯಕ, ಚಾಮರಾಜನಗರ ಜಿಲ್ಲೆ

ಓದಿದೆ ಮೇಡಂ, ನಮ್ಮ ಇಬ್ಬರು ಆಶಾ ಕಾರ್ಯಕರ್ತೆಯರಿಂದಲೂ ಓದಿಸಿದೆ. 'ಪ್ರಚೋದಕ' ಎಂಬ ಪದವನ್ನು ತೆಗೆಯಿರಿ, 'ಬಿಸಿನೀರಿನಿಂದ ಬರುವ ಫಿಟ್ಸ್' ಎಂದೇ ಬರೆಯಿರಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂಬ ಸಾಲು ಕೊನೆಯಲ್ಲಿದೆ, ಅದು ಮೇಲೆ ಬರಲಿ. ಇನ್ನೊಂದು ಮಾತು: ಇದನ್ನು ಓದಬೇಕಾದ ಜಾಗ ಬಚ್ಚಲುಮನೆ, ಅಲ್ಲಿಯ ಹಬೆಗೆ ಕಾಗದ ಒಂದು ವಾರವೂ ನಿಲ್ಲುವುದಿಲ್ಲ. ಅಂಗೈ ಅಗಲದ ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ, ಮೇಲೊಂದು ತೂತು ಕೊರೆಸಿ ಕೊಡಿ. ಬೀಗದ ಕೈ ತೂಗುವ ಗೂಟಕ್ಕೇ ಅದನ್ನೂ ನೇತುಹಾಕಬಹುದು.